ತಂಗಿ ಸಮ್ಮೋಹನಕ್ಕೆ, ನಾನು ಧ್ಯಾನಕ್ಕೆ

ದೋಣಿಕಟ್ಟೆ

ಶ್ರೀಲಂಕಾಕ್ಕೆ ಹೊರಡುವ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಅರ್ಜಿಯನ್ನು ಪೂರ್ತಿ ಓದಿರಲಿಲ್ಲ. ಏಳು ದಿನದ ಧ್ಯಾನ, ಹೆಂಗಸರಿಗೆ ಬೇರೆ ಕೋಣೆ, ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ಸಂಜೆ ಬರೀ ಚಹಾ ಎನ್ನುವಲ್ಲಿಗೆ ಓದಿ ಮುಗಿಸಿ, ನನ್ನದೂ ತಂಗಿ ವಸಂತಿಯದೂ ಹೆಸರು ಬರೆಸಿಬಿಟ್ಟಿದ್ದೆ. ಆ ಧ್ಯಾನಕೇಂದ್ರ ಇರುವುದು ಒಂದು ದ್ವೀಪದ ಮೇಲೆ ಎನ್ನುವುದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿತ್ತು.

ಗಾಲ್ ಪಟ್ಟಣ ಇನ್ನೂ ದೂರವಿರುವಾಗಲೇ ಆಟೋದವನು ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿ, ಒಂದು ಹಿನ್ನೀರಿನ ಅಂಚಿನಲ್ಲಿ ನಮ್ಮನ್ನು ಇಳಿಸಿ, ಎದುರಿಗಿದ್ದ ಹಸಿರು ಗುಡ್ಡೆಯತ್ತ ಕೈ ತೋರಿಸಿದ. ನಡುವೆ ನೀರು. ಕಟ್ಟೆಗೆ ಕಟ್ಟಿದ್ದ ಉದ್ದನೆಯ ದೋಣಿಯಲ್ಲಿ ನಿಂತಿದ್ದವನು ನನ್ನ ಚೀಲಕ್ಕೆ ಕೈ ಚಾಚಿ "ಅಕ್ಕಾ" ಎಂದ. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ ಎನ್ನುವುದು ನನಗೆ ಗೊತ್ತಿರಲಿಲ್ಲ. ಪರದೇಶಕ್ಕೆ ಬಂದ ದಿನವೇ ಯಾರೋ ನಮ್ಮ ಮನೆ ಮಾತಿನಲ್ಲಿ ಕರೆದರಲ್ಲ ಎಂದು ಹಿಗ್ಗಿ ಹಿಂತಿರುಗಿ ನೋಡಿದರೆ, ವಸಂತಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ನಾ ಬರಲ್ಲ. ನೀನು ಹೋಗು," ಎಂದಳು.

ವಸಂತಿ ಅಂಜುಬುರುಕಿಯಲ್ಲ. ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು. ಮದುವೆ ಸೀಸನ್ನಿನಲ್ಲಿ ರವಿಕೆ ತಡವಾಯಿತೆಂದು ಜಗಳಕ್ಕೆ ಬಂದವರನ್ನು ನಗಿಸಿ ಕಳಿಸಬಲ್ಲವಳು. ಆದರೆ ನೀರೆಂದರೆ ಆಗದು. ಊರ ಪಕ್ಕದಲ್ಲೇ ತುಂಗೆ ಹರಿಯುತ್ತಿದ್ದರೂ ಒಂದು ದಿನವೂ ಹೊಳೆಯ ಮೆಟ್ಟಿಲು ಇಳಿದವಳಲ್ಲ. ಬಸ್ಸು ಸೇತುವೆಗೆ ಬಂತೆಂದರೆ ಕಿಟಕಿ ಸೀಟು ಬಿಟ್ಟು ಎದ್ದು ನಿಲ್ಲುತ್ತಾಳೆ. ವಿಮಾನದಲ್ಲೂ ಕೆಳಗೆ ಸಮುದ್ರವಿದೆಯೆಂದು ಕಿಟಕಿಯ ಮುಚ್ಚಳ ಎಳೆದೇ ಕೂತಿದ್ದಳು.

ನನ್ನ ತೊಂದರೆ ಬೇರೆ. ನಾನು ಹೊಸನಗರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಒಂದು ಸೀಟಿ, ಒಂದು ಜೊತೆ ಬಿಳಿ ಬೂಟು, ಸಾವಧಾನ್, ವಿಶ್ರಾಮ್. ನಿವೃತ್ತಿಯಾದ ಮೇಲೆ ಬೂಟು ಕಳಚಿದೆನೇ ಹೊರತು ಮೈ ನಿಲ್ಲಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಪ್ರಾರ್ಥನೆಗೆ ತಡವಾಯಿತೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಹೊಸನಗರದ ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ಸುಮ್ಮನೆ ಕೂರುವುದನ್ನು ಕಲಿಯಿರಿ ಎಂದರು. ಅದಕ್ಕಾಗಿ ಈ ಪ್ರಯಾಣ. ವಸಂತಿ ನನಗೆ ಜೊತೆಯೆಂದು ಬಂದಿದ್ದಳು. ಚಿಕ್ಕಂದಿನಿಂದ ಅವಳ ನೀರಿನ ಭಯ ನೋಡಿದ ನಾನೇ ಅವಳನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿದ್ದೆ.

ನಂದಾವತಿಯ ಮನೆ

ಶಿಬಿರ ಶುರುವಾಗುವುದು ಮಾರನೆಯ ಸಂಜೆ. ದೋಣಿಯವನು ನಮ್ಮನ್ನು ತನ್ನ ನೆಂಟರಾದ ನಂದಾವತಿ ಎನ್ನುವವರ ಮನೆಗೆ ಕರೆದುಕೊಂಡು ಹೋದ. ಆಕೆ ಪ್ರವಾಸಿಗಳಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಬೆಳಿಗ್ಗೆ ಎದ್ದಾಗ ಬಟ್ಟಲಲ್ಲಿ ಹಸಿರು ಗಂಜಿ ತಂದಿಟ್ಟರು. ಒಂದು ಗುಟುಕು ಕುಡಿದು ಅಕ್ಕ ತಂಗಿ ಮುಖ ಮುಖ ನೋಡಿಕೊಂಡೆವು. ಒಂದೆಲಗ. ಅಮ್ಮ ತಂಬುಳಿ ಮಾಡುತ್ತಿದ್ದ ಅದೇ ಸೊಪ್ಪು, ಇಲ್ಲಿ ಅಕ್ಕಿ ಮತ್ತು ತೆಂಗಿನಹಾಲಿನ ಜೊತೆ ಸೇರಿಕೊಂಡಿತ್ತು. ಕಚ್ಚಿಕೊಳ್ಳಲು ಬೈನೆ ಮರದ ಬೆಲ್ಲದ ತುಂಡು.

"ಅಮ್ಮ ಆಗಿದ್ರೆ ಇದಕ್ಕೊಂದು ಒಗ್ಗರಣೆ ಕೊಡ್ತಿದ್ಲು," ಎಂದಳು ವಸಂತಿ. ನಿನ್ನೆಯಿಂದ ಅವಳಾಡಿದ ಮೊದಲ ಮಾತು ಅದು.

ನಂದಾವತಿಗೆ ವಿಷಯ ತಿಳಿಯಿತು. ತಮ್ಮ ಗಂಡನ ಸಿಗರೇಟು ಬಿಡಿಸಿದ ಒಬ್ಬ ಡಾಕ್ಟರು ಇದೇ ಬೀದಿಯಲ್ಲಿದ್ದಾರೆ, ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದವರು, ಸಮ್ಮೋಹನ ಮಾಡಿ ಭಯ, ನೋವುಗಳಿಗೆಲ್ಲ ಸಹಾಯ ಮಾಡುತ್ತಾರೆ ಎಂದರು. ನಾನು ಬೇಡವೇ ಬೇಡ ಎಂದೆ. ನನಗೆ ಗೊತ್ತಿದ್ದ ಸಮ್ಮೋಹನ ಒಂದೇ. ಆನಂದಪುರದಲ್ಲಿ ನಾನು ಹೈಸ್ಕೂಲು ಓದುವಾಗ ಕರಿ ಕೋಟಿನವನೊಬ್ಬ ಬಂದು, ನಮ್ಮ ಕ್ಲಾಸಿನ ಗಟ್ಟಿಗನೊಬ್ಬನನ್ನು ವೇದಿಕೆ ಹತ್ತಿಸಿ, ಹಸಿ ಈರುಳ್ಳಿಯನ್ನು ಸೇಬು ಎಂದು ತಿನ್ನಿಸಿದ್ದ. ಇಡೀ ಶಾಲೆ ನಕ್ಕಿತ್ತು. ಆಮೇಲೆ ಆ ಗಟ್ಟಿಗ ಎರಡು ದಿನ ಶಾಲೆಗೇ ಬಂದಿರಲಿಲ್ಲ.

ವಸಂತಿ ಮಾತ್ರ ಗಂಜಿ ಮುಗಿಸಿ ಬಾಯಿ ಒರೆಸಿಕೊಂಡಳು. "ನೀನು ಆ ಕಡೆ ಹೋಗಿ ಕಣ್ಣು ಮುಚ್ಚಿ ಕೂತ್ಕ. ನಾನು ಈ ಕಡೆ ಕಣ್ಣು ಮುಚ್ಚಿ ಕೂತ್ಕತೀನಿ. ವಾರ ಬಿಟ್ಟು ನೋಡಣ," ಎಂದಳು.

ಡಾಕ್ಟರ ವರಾಂಡ

ಡಾಕ್ಟರು ಮೊದಲ ದಿನ ರೋಗಿಯ ಮನೆಯವರು ಯಾರಾದರೂ ಜೊತೆಗಿರಲಿ ಎಂದರು. ಹಾಗಾಗಿ ನನಗೆ ನೋಡಲು ಸಿಕ್ಕಿತು. ಕರಿ ಕೋಟು ಇರಲಿಲ್ಲ. ಬಿಳಿ ಮೀಸೆ, ಮಡಿಸಿದ ತೋಳಿನ ಅಂಗಿ, ಬೆತ್ತದ ಕುರ್ಚಿ, ಮೇಲೆ ಕಿರುಗುಟ್ಟುವ ಫ್ಯಾನು. ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಮೂರ್ಛೆ ಬರುತ್ತದೆಯೇ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಂಡದ್ದುಂಟೇ, ನಿದ್ದೆ ಹೇಗೆ. ಆಮೇಲೆ ನಿಧಾನವಾದ ಇಂಗ್ಲಿಷಿನಲ್ಲಿ, ನೀವು ನಿದ್ದೆ ಹೋಗುವುದಿಲ್ಲ, ಈ ಫ್ಯಾನಿನ ಸದ್ದು ಕೇಳುತ್ತಲೇ ಇರುತ್ತದೆ, ಬೇಡವೆನಿಸಿದ ಕ್ಷಣ ಎದ್ದು ಹೋಗಬಹುದು, ನಿಮಗೆ ಬೇಡದ್ದನ್ನು ನಾನು ಮಾಡಿಸಲಾರೆ ಎಂದು ಹೇಳಿದರು. ಗಮನವನ್ನು ಒಂದು ಕಡೆ ಒಟ್ಟುಮಾಡಿಕೊಂಡಾಗ ಮನಸ್ಸು ಹೇಳಿದ ಮಾತನ್ನು ಸಲೀಸಾಗಿ ಕೇಳುತ್ತದೆ, ನಾನು ಅದಕ್ಕೆ ದಾರಿ ತೋರಿಸುವವನು ಮಾತ್ರ ಎಂದರು.

ವಸಂತಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ಅದನ್ನು ಗಮನಿಸಿದ ಡಾಕ್ಟರು, ನಿಮ್ಮ ಭಾಷೆಯಲ್ಲಿ ಕೆಲವು ಮಾತು ಕೊಡಿ ಎಂದರು. ಅವಳು ಉಸಿರು, ಹಗುರ, ನಿಧಾನ ಎಂದು ಹೇಳಿಕೊಟ್ಟಳು. ಅವರು ತಮ್ಮ ಗುಂಡು ಗುಂಡು ಲಿಪಿಯಲ್ಲಿ ಬರೆದುಕೊಂಡರು. ನಿಧಾನ ಎಂದಾಗ ಪೆನ್ನು ನಿಲ್ಲಿಸಿ, ನಮ್ಮಲ್ಲಿ ನಿಧಾನವೆಂದರೆ ಹೂತಿಟ್ಟ ನಿಧಿ ಎಂದು ನಕ್ಕರು.

ಆಮೇಲೆ ಗೋಡೆಯ ಮೇಲೊಂದು ಚುಕ್ಕೆ ನೋಡಲು ಹೇಳಿ, ಹತ್ತರಿಂದ ಹಿಂದಕ್ಕೆ ಎಣಿಸುತ್ತ, ನಡುನಡುವೆ ಅವಳದೇ ಮಾತುಗಳನ್ನು ಅವಳಿಗೆ ಮರಳಿ ಕೊಡುತ್ತ ಹೋದರು. ಉಸಿರು. ನಿಧಾನ. ಹಗುರ. ವಸಂತಿಯ ರೆಪ್ಪೆ ಮುಚ್ಚಿತು, ಭುಜ ಇಳಿಯಿತು. ನೋಡುತ್ತ ಕೂತ ನನಗೆ ಬಂದದ್ದು ಅಮ್ಮನ ನೆನಪು. ನಾವು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದಾಗ ಅಮ್ಮ ಸೂಜಿ ಹಿಡಿದು ಕೂತು, ಮಾಡಿನ ಜಂತಿ ನೋಡು, ಅಲ್ಲೊಂದು ಹಲ್ಲಿ ಇದೆ, ಅದು ಬಾಲ ಅಲ್ಲಾಡಿಸುತ್ತದೆ ನೋಡು, ನಿನ್ನ ಕಾಲು ಹಳ್ಳದ ನೀರಲ್ಲಿದೆ, ತಣ್ಣಗಿದೆ, ತಣ್ಣಗಿದೆ ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದಳು. ಹಲ್ಲಿ ಇರುತ್ತಿರಲಿಲ್ಲ. ಕಾಲು ಮಾತ್ರ ನಿಜವಾಗಿಯೂ ತಣ್ಣಗಾಗುತ್ತಿತ್ತು. ಮುಳ್ಳು ಯಾವಾಗ ಹೊರಗೆ ಬಂತೆಂದು ಗೊತ್ತಾಗುತ್ತಿರಲಿಲ್ಲ.

ಹೊರಡುವಾಗ ಡಾಕ್ಟರು ಒಂದು ಎಚ್ಚರಿಕೆ ಕೊಟ್ಟರು. ಈ ಸ್ಥಿತಿಯಲ್ಲಿ ಹಳೆಯ ಚಿತ್ರಗಳು ಬರಬಹುದು, ಆದರೆ ಕಂಡದ್ದೆಲ್ಲ ನಡೆದದ್ದು ಎಂದು ತಿಳಿಯಬೇಡಿ, ಮನಸ್ಸು ತನಗೆ ಬೇಕಾದ್ದನ್ನೂ ಅಷ್ಟೇ ಸ್ಪಷ್ಟವಾಗಿ ಚಿತ್ರಿಸುತ್ತದೆ ಎಂದರು. ಆ ಮಾತನ್ನು ನಾನು ವಸಂತಿಗಿಂತ ಹೆಚ್ಚು ಗಮನವಿಟ್ಟು ಕೇಳಿದೆ. ಯಾಕೆಂದು ಆಗ ನನಗೇ ತಿಳಿಯಲಿಲ್ಲ.

ದ್ವೀಪದಲ್ಲಿ

ಸಂಜೆ ನಾನೊಬ್ಬಳೇ ದೋಣಿ ಹತ್ತಿದೆ. ದ್ವೀಪದಲ್ಲಿ ಫೋನು ತೆಗೆದಿಟ್ಟುಕೊಂಡರು. ಮಾತೂ ನಿಂತಿತು.

ನಮಗೆ ಕಲಿಸಿದವರು ವಯಸ್ಸಾದ ಒಬ್ಬ ಭಿಕ್ಷು. ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ತಿಳಿಯಿರಿ, ಬೇರೆ ಯೋಚನೆ ಬಂದರೆ ಬಂತೆಂದು ತಿಳಿದು ಮತ್ತೆ ಉಸಿರಿಗೆ ಬನ್ನಿ ಎಂದರು. ಅಷ್ಟೇ. ಮೊದಲ ದಿನ ನಡಿಗೆಯ ಧ್ಯಾನದಲ್ಲಿ ನನ್ನ ಕಾಲುಗಳು ತಾವಾಗಿಯೇ ಪರೇಡು ಶುರು ಮಾಡಿದವು. ಮುಂದೆ ಹೋಗುತ್ತಿದ್ದ ಹಂಗೇರಿಯ ಹೆಂಗಸೊಬ್ಬಳನ್ನು ಎರಡು ಸಲ ಹಿಂದಿನಿಂದ ತುಳಿದೆ. ಅವಳು ತಿರುಗಿ ಕೈ ಮುಗಿದಳು, ನಾನೂ ಮುಗಿದೆ. ಮಾತಾಡುವ ಹಾಗಿಲ್ಲವಲ್ಲ.

ಎರಡನೆಯ ದಿನ ಭಿಕ್ಷುಗಳನ್ನು ಕಂಡು, ಏನಾದರೂ ಎಣಿಸಲು ಕೊಡಿ, ಯಾರಾದರೂ ಧ್ವನಿಯಲ್ಲಿ ನಡೆಸಿಕೊಂಡು ಹೋದರೆ ಸುಲಭ ಎಂದು ಕೇಳಿದೆ. ಡಾಕ್ಟರ ವರಾಂಡ ನನ್ನ ತಲೆಯಲ್ಲಿತ್ತು. ಅಲ್ಲಿ ಹೋಗಬೇಕಾದ ಜಾಗ ಒಂದಿತ್ತು, ಕೈ ಹಿಡಿದು ಕರೆದೊಯ್ಯುವ ದನಿಯೊಂದಿತ್ತು. ಭಿಕ್ಷು ತಲೆ ಅಲ್ಲಾಡಿಸಿದರು. ಇಲ್ಲಿ ಹೋಗಬೇಕಾದ ಜಾಗವೇ ಇಲ್ಲ, ಬಂದದ್ದನ್ನು ಓಡಿಸುವುದೂ ಬೇಡ, ಕೂರಿಸಿ ಉಪಚಾರ ಮಾಡುವುದೂ ಬೇಡ ಎಂದರು.

ಹೀಗೆ ಏನೂ ಮಾಡದೆ ಕೂರುವವರನ್ನು ನಾನು ಮೊದಲು ನೋಡಿದ್ದು ಎಲ್ಲಿ ಎಂದು ಯೋಚಿಸಿದಾಗ ಅಪ್ಪ ನೆನಪಾದರು. ಆನಂದಪುರದಲ್ಲಿ ಅವರದು ಸೈಕಲ್ ಶಾಪು. ಬೆಳಿಗ್ಗೆ ಬಾಗಿಲ ಹಲಗೆಗಳನ್ನು ತೆಗೆಯುವ ಮೊದಲು ಹೊರಗಿನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಬೀಡಿ ಇಲ್ಲ, ಪೇಪರಿಲ್ಲ. ರಸ್ತೆಯಲ್ಲಿ ಸಾಗರದ ಮೊದಲ ಬಸ್ಸು ಹೋಗುತ್ತಿತ್ತು, ಯಾರೋ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು, ಅಪ್ಪ ನೋಡುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಅಮ್ಮ ಕೇಳಿದರೆ, ಎಂತದೂ ಇಲ್ಲ ಎನ್ನುತ್ತಿದ್ದರು. ಅದು ನಿಜವಾದ ಉತ್ತರವಾಗಿತ್ತು ಎಂದು ಐವತ್ತು ವರ್ಷದ ಮೇಲೆ ಈ ದ್ವೀಪದಲ್ಲಿ ತಿಳಿಯಿತು.

ನಾಲ್ಕನೆಯ ದಿನ

ನಾಲ್ಕನೆಯ ದಿನ ಮಧ್ಯಾಹ್ನ, ಕರೆಯದೆಯೇ ಅದು ಬಂತು.

ನನಗೆ ಹನ್ನೆರಡು, ವಸಂತಿಗೆ ಏಳು. ಬೇಸಿಗೆ ರಜೆಗೆ ಹೊನ್ನೆಮರಡಿನ ಹತ್ತಿರ ಅತ್ತೆಯ ಮನೆಗೆ ಹೋಗಿದ್ದೆವು. ಒಂದೇ ತಾನಿನ ಬಟ್ಟೆಯಲ್ಲಿ ಅಮ್ಮ ಇಬ್ಬರಿಗೂ ನೀಲಿ ಫ್ರಾಕು ಹೊಲಿಸಿದ್ದಳು. ಹಿನ್ನೀರು ಇಳಿದು, ಮುಳುಗಿದ ಕಾಡಿನ ಬೋಳು ಮರಗಳು ನೀರಿನಿಂದ ಮೇಲೆ ಎದ್ದು ನಿಂತಿದ್ದವು. ಯಾರದೋ ತೆಪ್ಪ ದಡದಲ್ಲಿತ್ತು. ಹತ್ತಿರದ ಒಂದು ಮೋಟು ಮರವನ್ನು ಮುಟ್ಟಿ ಬರೋಣ ಎಂದವಳು ನಾನು. ಮರ ಹತ್ತಿರ ಬಂದಾಗ ಅದನ್ನು ಹಿಡಿಯಲು ನಾನು ಎದ್ದು ನಿಂತೆ. ತೆಪ್ಪ ಓರೆಯಾಯಿತು. ವಸಂತಿ ಜಾರಿದಳು.

ನನಗೆ ಈಜು ಬರುತ್ತಿತ್ತು. ಆದರೂ ನಾನು ಮರವನ್ನು ತಬ್ಬಿಕೊಂಡು ನಿಂತೆ. ಅವಳ ಕೈ ನೀರಿನಿಂದ ಮೇಲೆ ಬಂದದ್ದು ಕಂಡಿತು, ನಾನು ಕೈ ಚಾಚಲಿಲ್ಲ. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬರು ಧುಮುಕಿ ಅವಳನ್ನು ಎಳೆದು ತಂದರು. ಮನೆಯಲ್ಲಿ ಎಲ್ಲರೂ ಏನಾಯಿತೆಂದು ಕೇಳಿದಾಗ ನಾನು, ಬೇಡವೆಂದರೂ ಕೇಳದೆ ವಸಂತಿಯೇ ಹಾರಿದಳು ಎಂದೆ. ಅಮ್ಮ ಆನಂದಪುರದಿಂದ ಬಂದವಳು ನೇರ ಅವಳಿಗೆ ಬಾರಿಸಿದಳು. ಜ್ವರದಲ್ಲಿದ್ದ ವಸಂತಿ ಏನೂ ಹೇಳಲಿಲ್ಲ.

ಮರೆತದ್ದು ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ನಾನು ಮರೆತಿರಲಿಲ್ಲ. ಅದನ್ನು ತಮಾಷೆಯ ಕಥೆ ಮಾಡಿಕೊಂಡಿದ್ದೆ. ಪ್ರತಿ ಮದುವೆಮನೆಯಲ್ಲಿ ಯಾರಾದರೂ ಕೇಳುವರು, ನಾನು ಹೇಳುವೆ, ನಮ್ಮ ವಸಂತಿ ಏಳು ವರ್ಷಕ್ಕೇ ಲಿಂಗನಮಕ್ಕಿ ಹಿನ್ನೀರಿಗೆ ಹಾರಿದವಳು ಎಂದು. ಎಲ್ಲರೂ ನಗುವರು. ಅವಳೂ ನಗುವಳು. ಆ ದಿನ ಧ್ಯಾನದ ಕೋಣೆಯಲ್ಲಿ ನಗುವವರು ಯಾರೂ ಇರಲಿಲ್ಲ. ಮರ, ನೀರು, ಕೈ ಮಾತ್ರ ಇದ್ದವು. ಎದ್ದು ಓಡಬೇಕೆನಿಸಿತು. ಉಸಿರಿಗೆ ಬಂದೆ. ಮತ್ತೆ ಕೈ ಬಂತು. ಮತ್ತೆ ಉಸಿರಿಗೆ ಬಂದೆ.

ಮಾರನೆಯ ದಿನ ಭಿಕ್ಷುಗಳಿಗೆ ಎಲ್ಲ ಹೇಳಿ, ಏನು ಮಾಡಲಿ ಎಂದು ಕೇಳಿದೆ. "ನೋಡಿದಿರಲ್ಲ. ಇಲ್ಲಿಯ ಕೆಲಸ ಅಷ್ಟೇ," ಎಂದರು. "ಹೇಳುವುದು, ಬಿಡುವುದು ದಡದ ಕೆಲಸ."

ಏಳನೆಯ ದಿನ

ಕೊನೆಯ ದಿನ ಬೆಳಿಗ್ಗೆ ಚೀಲ ಹಿಡಿದು ಕಟ್ಟೆಗೆ ಇಳಿದರೆ, ಬರುತ್ತಿದ್ದ ದೋಣಿಯ ನಡುವೆ ವಸಂತಿ ಕೂತಿದ್ದಳು. ಎರಡೂ ಕೈಯಲ್ಲಿ ಹಲಗೆ ಹಿಡಿದು, ತುಟಿ ಅಲ್ಲಾಡಿಸುತ್ತ. ಹತ್ತಿರ ಬಂದಾಗ ಕೇಳಿತು. ಉಸಿರು, ನಿಧಾನ, ಹಗುರ. ನನ್ನ ಕಣ್ಣು ತುಂಬಿತು.

ಅರಳಿ ಮರದ ಕೆಳಗೆ ಕೂರಿಸಿ ನೀರು ಕೊಟ್ಟೆ. ಅವಳು ಒಂದೇ ಉಸಿರಿಗೆ ವಾರದ ಕಥೆ ಹೇಳಿದಳು. ನಾಲ್ಕು ಸಲ ಡಾಕ್ಟರ ಹತ್ತಿರ ಕೂತಳಂತೆ. ಮೊದಲು ಮನಸ್ಸಿನಲ್ಲೇ ದಡಕ್ಕೆ ಹೋದದ್ದು, ಮತ್ತೆ ಮನಸ್ಸಿನಲ್ಲೇ ದೋಣಿ ಮುಟ್ಟಿದ್ದು. ನಡುವೆ ನಂದಾವತಿಯ ಜೊತೆ ನಿಜವಾಗಿಯೂ ಕಟ್ಟೆಗೆ ಬಂದು ಕಾಲು ನೆನೆಸಿದ್ದು. ದೋಣಿಯಲ್ಲಿ ಪಕ್ಕದಲ್ಲಿ ನಂಬಿಕೆಯವರು ಯಾರಾದರೂ ಇದ್ದಾರೆಂದು ಕಲ್ಪಿಸಿಕೊಳ್ಳಿ ಎಂದಾಗ ಅವಳು ನನ್ನನ್ನು ಕರೆದಳಂತೆ.

"ಕೊನೇ ದಿನ ಆ ತೆಪ್ಪ ಕಾಣ್ತು ಅಕ್ಕ. ನಾನು ನೀರಲ್ಲಿದ್ದೆ. ನೀನು ಮರದಿಂದ ಬಗ್ಗಿ ಕೈ ಕೊಟ್ಟೆ. ಅದನ್ನ ನೆನೆಸ್ಕಂಡೇ ಇವತ್ತು ದಾಟಿದ್ದು."

ನಾನು ಸುಮ್ಮನಿರಬಹುದಿತ್ತು. ಇಲ್ಲದ ಕೈಯೊಂದು ಅವಳನ್ನು ನೀರು ದಾಟಿಸಿತ್ತು, ಅಮ್ಮನ ಹಲ್ಲಿಯ ಹಾಗೆ. ವಾಪಸ್ಸು ಹೋಗಲು ಇನ್ನೊಮ್ಮೆ ಅದೇ ನೀರಿತ್ತು. ದಡ ಸೇರಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ವಿಮಾನ ಇಳಿದ ಮೇಲೆ ಎಂದುಕೊಳ್ಳುತ್ತೇನೆ, ಆಮೇಲೆ ಮುಂದಿನ ಮದುವೆಮನೆಯಲ್ಲಿ ಮತ್ತೆ ಅದೇ ಕಥೆ ಹೇಳಿ ನಗಿಸುತ್ತೇನೆ ಎಂದೂ ಗೊತ್ತಿತ್ತು. ಅಲ್ಲೇ ಹೇಳಿದೆ. ಎದ್ದು ನಿಂತದ್ದು, ತೆಪ್ಪ ಓರೆಯಾದದ್ದು, ಕೈ ಚಾಚದೆ ಇದ್ದದ್ದು, ಸುಳ್ಳು ಹೇಳಿದ್ದು.

ವಸಂತಿ ನೀರಿನ ಲೋಟ ಕೆಳಗಿಟ್ಟಳು.

"ಕೈ ಕೊಡದಿದ್ದದ್ದು ಹೋಗ್ಲಿ. ನೀನೂ ಹುಡುಗಿ, ಹೆದರಿದ್ದೆ," ಎಂದಳು. "ನಾನು ಹಾರಿದೆ ಅಂತ ಎಂತಕ್ಕೆ ಹೇಳ್ದೆ?"

ಹೊಡೆತಕ್ಕೆ ಹೆದರಿ ಎಂದೆ.

"ನೀನು ಹೇಳಿ ಹೇಳಿ, ಹಾರಿದ್ದು ನಾನೇ ಅಂತ ನಾನೂ ನಂಬ್ಕಂಡಿದ್ದೆ. ನಂಗೆ ಹೆದರಿಕೆ ನೀರಿಂದಲ್ಲ ಅಕ್ಕ. ನೀರು ಕಂಡ್ರೆ ಮತ್ತೆ ಎಲ್ಲಿ ಹಾರಿಬಿಡ್ತೀನೋ ಅಂತ. ಸೇತುವೆ ಮೇಲೆ ಮಕ್ಕಳ ಕೈ ಹಿಡ್ಕಂಡು ಹೋಗಕ್ಕೂ ಹೆದರಿದ್ದೆ ನಾನು. ನನ್ನನ್ನ ನಾನೇ ನಂಬ್ತಿರ್ಲಿಲ್ಲ."

ಅವಳು ಎದ್ದು ಹೋಗಿ ದೋಣಿ ಹತ್ತಿದಳು. ಮುಂದಿನ ತುದಿಯಲ್ಲಿ ನನಗೆ ಬೆನ್ನು ಹಾಕಿ ಕೂತಳು. ನಾನು ಹಿಂದಿನ ತುದಿಯಲ್ಲಿ ಕೂತೆ. ಸಿಟ್ಟಿನಲ್ಲಿ ಭಯವನ್ನೇ ಮರೆತು ಅವಳು ನೆಟ್ಟಗೆ ಕೂತಿದ್ದಳು. ಒಂದು ಸಲವೂ ಹಲಗೆ ಹಿಡಿಯಲಿಲ್ಲ. ಡಾಕ್ಟರು ನಾಲ್ಕು ಸಲ ಕೂರಿಸಿ ಅರ್ಧ ದಾಟಿಸಿದ್ದನ್ನು ಸಿಟ್ಟು ಒಂದೇ ಸಲಕ್ಕೆ ಪೂರ್ತಿ ದಾಟಿಸಿತಲ್ಲ ಎಂದುಕೊಂಡೆ.

ಆನಂದಪುರ

ಗಾಲ್ ಕೋಟೆಯನ್ನು ನಾವು ಅಕ್ಕಪಕ್ಕ ನಡೆದು, ಬೇರೆ ಬೇರೆಯಾಗಿ ನೋಡಿದೆವು. ನನಗೆ ಹೊಸನಗರದ ಹತ್ತಿರ ನಗರ ಎನ್ನುವ ಊರಿನಲ್ಲಿರುವ ಕೋಟೆ ನೆನಪಾಯಿತು. ಇಬ್ಬರೂ ಅದರ ಗೋಡೆಯ ಮೇಲೆ ಓಡಿ ಅಪ್ಪನಿಂದ ಬೈಸಿಕೊಂಡದ್ದು. ಹೇಳಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ. ದ್ವೀಪದ ಮೌನಕ್ಕಿಂತ ಅದು ಕಷ್ಟದ್ದಾಗಿತ್ತು. ಅಲ್ಲಿ ಯಾರೂ ನನ್ನ ಮೇಲೆ ಸಿಟ್ಟಾಗಿ ಮಾತು ಬಿಟ್ಟಿರಲಿಲ್ಲ. ಆ ದಿನಗಳಲ್ಲಿ ನನಗೆ ಧ್ಯಾನ ಕೈಕೊಟ್ಟಿತು ಎನ್ನಲಾರೆ. ಸಮಾಧಾನವಂತೂ ಕೊಡಲಿಲ್ಲ. ಬೆಳಿಗ್ಗೆ ಎದ್ದು ಕೂತರೆ, ತಂಗಿ ಸಿಟ್ಟಾಗಿದ್ದಾಳೆ, ಅದಕ್ಕೆ ಕಾರಣವಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಅದನ್ನು ಅಲ್ಲಗಳೆಯದೆ ಕೂರಲು ಮಾತ್ರ ಬಂತು.

ಬೆಂಗಳೂರಿನಿಂದ ರೈಲು ಹತ್ತಿದೆವು. ನಾನು ಸಾಗರಕ್ಕೆ ಹೋಗಿ ಹೊಸನಗರದ ಬಸ್ಸು ಹಿಡಿಯುವವಳು, ಅವಳು ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿಗೆ ಹೋಗಬೇಕಾದವಳು. ಶಿವಮೊಗ್ಗ ಬಂದರೂ ಇಳಿಯಲಿಲ್ಲ. ಬೆಳಕು ಹರಿದು, ಆನಂದಪುರದ ನಿಲ್ದಾಣದಲ್ಲಿ ರೈಲು ನಿಂತಾಗ ಕಿಟಕಿಯಿಂದ ಹೊರಗೆ ನೋಡುತ್ತ ಮಾತಾಡಿದಳು.

"ಅಮ್ಮ ಸಾಯೋ ತನಕ ನಾನು ಹಟಮಾರಿ ಅಂತಲೇ ತಿಳ್ಕಂಡಿದ್ಲು. ಅವಳಿಗೆ ಹೇಳಕ್ಕಾಗಲ್ಲ. ಬೇರೆ ಎಲ್ಲರಿಗೂ ಹೇಳ್ಬೇಕು ನೀನು. ಮದುವೆಮನೇಲಿ ನಗಿಸಕ್ಕೆ ಹೇಳಿದ್ಯಲ್ಲ, ಅಷ್ಟೇ ಜನಕ್ಕೆ."

ಆಗಲಿ ಎಂದೆ. ನಮ್ಮ ನೆಂಟರು ಹರಡಿ ಹೋಗಿದ್ದಾರೆ, ಒಬ್ಬೊಬ್ಬರಿಗೂ ಫೋನು ಮಾಡಿ ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ ಬರೆದೆ. ಪ್ರವಾಸ ಕಥನವೆಂದರೆ ಎಲ್ಲರೂ ಓದುತ್ತಾರೆ.

ಬರೆದು ಮುಗಿಸಿ ಮೊದಲು ವಸಂತಿಗೇ ಕೊಡಲು ತೀರ್ಥಹಳ್ಳಿಗೆ ಹೋದೆ. ಹೊಲಿಗೆ ಮೆಷಿನ್ನಿನ ಮುಂದೆ ಕೂತೇ, ಕನ್ನಡಕ ಏರಿಸಿಕೊಂಡು ಓದಿದಳು. ಚಹಾ ಆರಿಹೋಯಿತು. ಹಾಳೆಗಳನ್ನು ಮಡಿಸಿ ನನ್ನ ಕೈಗಿಟ್ಟು, ಫ್ರಾಕು ನೀಲಿಯಲ್ಲ, ಹಸಿರು ಎಂದಳು. ಬಟ್ಟೆಯ ವಿಷಯದಲ್ಲಿ ಅವಳ ಮಾತೇ ಸರಿ.

"ಇನ್ನೊಂದು ತಪ್ಪಿದೆ," ಎಂದಳು. "ವಾಪಸ್ಸು ಬರೋವಾಗ ಸಿಟ್ಟಲ್ಲಿ ಹೆದರಿಕೆ ಮರೆತಿದ್ದೆ ಅಂತ ಬರ್ದಿದೀಯ. ಮರೆತಿರ್ಲಿಲ್ಲ. ದಡ ಸಿಗೋ ತನಕ ಹೆದರ್ಕಂಡೇ ಕೂತಿದ್ದೆ. ಬೆನ್ನು ಹಾಕಿದ್ನಲ್ಲ, ನಿಂಗೆ ಕಾಣ್ಲಿಲ್ಲ ಅಷ್ಟೆ."

ತಿದ್ದಿ ಬರೆಯಲೇ ಎಂದು ಕೇಳಿದೆ.

ಬೇಡ, ಅದು ಹಾಗೇ ಇರಲಿ, ನಾನು ಹೇಳಿದ್ದನ್ನೂ ಕೆಳಗೆ ಬರೆ ಎಂದಳು. ಬರೆದಿದ್ದೇನೆ.